ಗರಟೆ ಕಟ್ಟಿದ ಕೋಲು

ಸೊಸೆ ಒಲೆಯ ಮೇಲೆ ಹುರುಳಿ ಬೇಯಲು ಇಟ್ಟರೆ ನಾನು ಎದ್ದು ಹೊರಗೆ ಬರುತ್ತೇನೆ. ಅತ್ತೆಗೆ ಹುರುಳಿ ಆಗುವುದಿಲ್ಲ ಎಂದು ಅವಳು ತಿಳಿದಿದ್ದಾಳೆ. ನಾನೂ ಹೌದೆಂದೇ ಹೇಳಿದ್ದೇನೆ. ಆದರೆ ಆ ವಾಸನೆಯಲ್ಲಿ ನನ್ನ ತಮ್ಮನ ಅಂಗಿ ಇದೆ... ಭಟ್ಕಳ ಪೇಟೆಯ ಕುದುರೆ ಲಾಯದಲ್ಲಿ ದಿನವಿಡೀ ಹುರುಳಿ ಬೇಯಿಸಿ, ಕುದುರೆಗಳ ಮೈ ತಿಕ್ಕಿ, ಸಂಜೆ ಹತ್ತಿರದ ಬೆಳಕೆ ಊರಿನ ನಮ್ಮ ಮನೆಗೆ ಬಂದಾಗ ಅವನ ಮೈಯಿಂದ ಬರುತ್ತಿದ್ದ ವಾಸನೆ ಅದು.

ನಾನು ಓದಿದ್ದು ಮೂರನೆಯ ಇಯತ್ತೆ. ಬರೆದು ರೂಢಿಯಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಲು ಆಗಲಿಲ್ಲವೆಂದು ಬರೆಯುತ್ತಿದ್ದೇನೆ.

ತಮ್ಮ ಎರಡು ವರ್ಷದವನಿದ್ದಾಗ ಬಂದ ಜ್ವರ ಅವನ ಬಲಗಾಲನ್ನು ತಿಂದುಹಾಕಿತ್ತು. ಕಂಕುಳಿಗೆ ಕೊಟ್ಟುಕೊಳ್ಳುವ ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಆ ಕೋಲನ್ನು ಅವನೇ ಮಾಡಿಕೊಂಡಿದ್ದ. ಅದರ ತಲೆಗೆ ಹಳೆಯ ಜೀನಿನ ಚರ್ಮ ಸುತ್ತಿದ್ದ. ಮರಳಲ್ಲಿ, ಗದ್ದೆಯ ಕೆಸರಲ್ಲಿ ಹೂತುಹೋಗದಿರಲಿ ಎಂದು ಬುಡಕ್ಕೆ ಒಂದು ತೆಂಗಿನ ಗರಟೆ ಕಟ್ಟಿದ್ದ. ಅವನು ಬರುವುದು ಅಂಗಳದ ಆಚೆಯಿಂದಲೇ ಗೊತ್ತಾಗುತ್ತಿತ್ತು... ಟೊಕ್, ಟೊಕ್ ಎಂದು.

ಲಾಯದ ಯಜಮಾನರು ಭಟ್ಕಳದ ಒಬ್ಬ ಸಾಹೇಬರು. ಟಾಂಗಾ ಓಡಿಸುತ್ತಿದ್ದರು, ಮುಂಬಯಿಯಲ್ಲಿ ಕುದುರೆ ಓಟ ನೋಡಿ ಅದರ ಹುಚ್ಚು ಹತ್ತಿಸಿಕೊಂಡಿದ್ದರು. ಅವರ ಕಂದು ಹೆಣ್ಣು ಕುದುರೆ ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನನ್ನ ತಮ್ಮ ಪಾಗಾರದ ಮೇಲೆ ಕೂತು ಸಣ್ಣಗೆ ಕರೆದರೆ ಅದು ಬಂದು ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಅವನು ಗೋಡೆಯಿಂದಲೇ ಅದರ ಬೆನ್ನಿಗೆ ಜಾರಿ, ಸತ್ತ ಕಾಲನ್ನು ಅಮ್ಮನ ಹಳೆ ಸೀರೆಯ ಪಟ್ಟಿಯಿಂದ ಜೀನಿಗೆ ಕಟ್ಟಿಕೊಳ್ಳುತ್ತಿದ್ದ. ಆಮೇಲೆ ಅವನು ಬೇರೆಯೇ ಮನುಷ್ಯ.

"ನಿಮ್ಮ ಹುಡುಗ ನೆಲದ ಮೇಲೆ ಅರ್ಧ ಆಳು ಭಾಯಿ, ಕುದುರೆ ಮೇಲೆ ಒಂದೂವರೆ ಆಳು" ಎಂದು ಸಾಹೇಬರು ಅಪ್ಪನೆದುರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಆ ವರ್ಷ ಗದ್ದೆ ಕೊಯ್ಲು ಮುಗಿದ ಮೇಲೆ ಕುಮಟೆಯ ಕಡಲದಂಡೆಯಲ್ಲಿ ಕುದುರೆ ಪಂದ್ಯ ಇಟ್ಟಿದ್ದರು. ಇಳಿತದ ಹೊತ್ತು, ಗಟ್ಟಿ ಮರಳು, ಏಳೆಂಟು ಕುದುರೆ. ನನ್ನ ತಮ್ಮ ಗೆದ್ದ. ನಾವು ಹೆಂಗಸರು ಹೋಗಿರಲಿಲ್ಲ. ನೋಡಿದವರು ಹೇಳಿದ್ದನ್ನೇ ಅಮ್ಮ ಮತ್ತೆ ಮತ್ತೆ ಹೇಳಿಸಿ ಕೇಳಿದಳು.

ಅದಾಗಿ ವಾರಕ್ಕೆ ನನಗೆ ಕುಮಟೆ ಹತ್ತಿರದ ಹೊಳನಗದ್ದೆಯಿಂದ ಸಂಬಂಧ ಬಂತು. ಮಾತು ತಂದವನು ಸೋದರಮಾವ. "ಪಂದ್ಯ ಗೆದ್ದ ಹುಡುಗನ ಅಕ್ಕ ಅಂತೇ ಕೇಳ್ತಿದ್ರು" ಎಂದ. ಆಮೇಲೆ ದನಿ ತಗ್ಗಿಸಿ, "ದೂರದಿಂದ ಕುದ್ರೆ ಮೇಲೆ ಕಂಡದ್ದು ಅವ್ರು. ಕಾಲಿನ ಸುದ್ದಿ ಈಗ ಬೇಡ. ಮನೆತನದಲ್ಲೇ ಇತ್ತು ಅಂದ್ಕಂಡ್ರೆ ಎಂತ ಮಾಡೂದು?" ಎಂದ. ನನಗೆ ಆಗ ಇಪ್ಪತ್ತೆರಡು ದಾಟಿತ್ತು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು.

ಅಷ್ಟರಲ್ಲೇ ಕುಮಟೆಯವರು ತಮ್ಮನಿಗೆ ಸನ್ಮಾನ ಇಟ್ಟುಕೊಂಡರು. ವೇದಿಕೆ, ಶಾಲು, ಹಾರ. ಹೊಳನಗದ್ದೆಯವರೆಲ್ಲ ಬರುತ್ತಾರೆ ಎಂದೂ ಸುದ್ದಿಯಾಯಿತು.

ಅವನು ದಿನಾ ನಮ್ಮ ಜಗಲಿಯ ಮೂರು ಮೆಟ್ಟಿಲನ್ನು ಹತ್ತಿ ಇಳಿದು ಅಭ್ಯಾಸ ಮಾಡತೊಡಗಿದ. ಒಂದು ಕಂಕುಳಲ್ಲಿ ಕೋಲು, ಇನ್ನೊಂದು ಕೈ ಖಾಲಿ, ಶಾಲು ತೆಗೆದುಕೊಳ್ಳಲಿಕ್ಕೆ.

"ಮೂರು ಮೆಟ್ಲಿಗೆ ಎಷ್ಟು ಹೊತ್ತೋ ಮಾರಾಯ?" ಎಂದು ಕೇಳಿದ್ದೆ.

"ನಿನ್ ಮದುವೆ ಗೊತ್ತಾಗೂದಕ್ಕಿಂತ ಬೇಗವೇ ಹತ್ತಿದೆ" ಎಂದ. ಆಮೇಲೆ ನಗು ಬಿಟ್ಟು, "ಕುದ್ರೆ ಮೇಲೆ ಎಲ್ರೂ ಕಂಡಾತು ಅಕ್ಕ. ನಾ ನಡಿಯುದನ್ನೂ ಒಂದ್ಸಲ ಕಾಣ್ಲಿ" ಎಂದ.

ಆ ಮಾತಿಗೇ ನಾನು ಹೆದರಿದ್ದು.

ಸನ್ಮಾನದ ದಿನ ಬೆಳಿಗ್ಗೆ ಅವನು ಮೀಯಲು ಕೂತಾಗ ಬಚ್ಚಲ ಹೊರಗೆ ಒರಗಿಸಿದ್ದ ಕೋಲನ್ನು ತೆಗೆದುಕೊಂಡು ಹೋಗಿ ಹುಲ್ಲಿನ ಬಣವೆಯೊಳಗೆ ತುರುಕಿದೆ. ಕೈ ನಡುಗಲಿಲ್ಲ. ಅದನ್ನು ಹೇಳಬೇಕು... ನಡುಗಲಿಲ್ಲ.

ಅವನು ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದ. ಅಮ್ಮ ಮನೆಯೆಲ್ಲ ಹುಡುಕಿದಳು. ನಾನೂ ಹುಡುಕಿದೆ. ಕುದುರೆಯನ್ನು ಹಿಂದಿನ ದಿನವೇ ಕುಮಟೆಗೆ ಕೊಂಡುಹೋಗಿದ್ದರು. ಬೆಳಗಿನ ಬಸ್ಸು ಹೋಯಿತು. ಕೊನೆಗೆ ಅಪ್ಪ ಬೇಲಿಯ ಹಸಿ ಕೊಂಬೆಯೊಂದನ್ನು ಕಡಿದುಕೊಟ್ಟ. ಅದನ್ನೇ ಕಂಕುಳಿಗೆ ಕೊಟ್ಟುಕೊಂಡು ಅವನು ಮುಂದಿನ ಬಸ್ಸು ಹತ್ತಿದ.

ಆಗ ಹೊನ್ನಾವರದಲ್ಲಿ ಸೇತುವೆ ಇರಲಿಲ್ಲ. ಹೊಳೆಯ ಈಚೆಗೆ ಬಸ್ಸು ಇಳಿದು, ದೋಣಿಯಲ್ಲಿ ದಾಟಿ, ಆಚೆ ಬೇರೆ ಬಸ್ಸು ಹಿಡಿಯಬೇಕಿತ್ತು. ಬೆಳಗಿನ ಬಸ್ಸಿಗೆ ಹೋಗಿದ್ದರೆ ಕಡಲಿನ ಭರತವಿದ್ದು, ಹೊಳೆ ತುಂಬಿ, ದೋಣಿ ದಂಡೆಗೇ ತಾಗುತ್ತಿತ್ತು. ಅವನು ಮುಟ್ಟುವಾಗ ಇಳಿತವಾಗಿತ್ತು. ದೋಣಿ ದೂರದಲ್ಲಿ ನಿಂತಿತ್ತು, ನಡುವೆ ಬರೀ ಕೆಸರು. ಗರಟೆಯಿಲ್ಲದ ಕೊಂಬೆ ಊರಿದಲ್ಲೆಲ್ಲ ಹೂತುಹೋಯಿತು. ಎರಡು ಸಲ ಬಿದ್ದನಂತೆ. ದೋಣಿಯವನು, "ಬಾರೋ, ಹೆಗಲ ಮೇಲೆ ಹೊತ್ಕಂಡು ಹೋತೆ" ಎಂದು ಕರೆದನಂತೆ. "ಹೊತ್ಕಂಡು ಹೋದ್ರೆ ಸನ್ಮಾನ ನಿಂಗೇ ಮಾಡೂಕು" ಎಂದು ಹೇಳಿ ಇವನು ದಂಡೆಗೆ ತಿರುಗಿದ. ಹೊತ್ತು ಇಳಿಯುವ ತನಕ ಅಲ್ಲೇ ಹೊಳೆ ನೋಡುತ್ತ ಕೂತಿದ್ದನಂತೆ.

ಕುಮಟೆಯಲ್ಲಿ ಅವನ ಹೆಸರನ್ನು ಮೂರು ಸಲ ಕೂಗಿದರು. ಆಮೇಲೆ ಶಾಲನ್ನು ಸಾಹೇಬರಿಗೆ ಹೊದಿಸಿ, ಹಾರವನ್ನು ಕುದುರೆಯ ಕೊರಳಿಗೆ ಹಾಕಿದರು.

ನಾನು ಮಧ್ಯಾಹ್ನವೇ ಕೋಲನ್ನು ಹೊರತೆಗೆದು ಬಾಗಿಲ ಹಿಂದೆ ಇಟ್ಟಿದ್ದೆ. ಸಂಜೆ ಅವನು ಮೊಣಕಾಲ ತನಕ ಕೆಸರಾಗಿ ಬಂದ. ಹಸಿ ಕೊಂಬೆ ಉಜ್ಜಿ ಕಂಕುಳ ಚರ್ಮ ಕಿತ್ತಿತ್ತು. ಬಾಗಿಲ ಹಿಂದಿನ ಕೋಲನ್ನು ನೋಡಿದ, ನನ್ನನ್ನು ನೋಡಿದ.

"ಸಿಕ್ತಾ ಅಕ್ಕ?" ಎಂದ.

"ಹ್ಞೂಂ, ಅಲ್ಲೇ ಇತ್ತು" ಎಂದೆ.

ಕೋಲಿನ ಚರ್ಮದ ಸುತ್ತಿನಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡಿತ್ತು. ಅವನು ಅದನ್ನು ನಿಧಾನಕ್ಕೆ ಎಳೆದು ತೆಗೆದು ಅಂಗಳಕ್ಕೆ ಎಸೆದ. ಕೋಲನ್ನು ಕಂಕುಳಿಗೆ ಕೊಟ್ಟುಕೊಂಡು ಕೆಸರು ತೊಳೆಯಲು ಬಚ್ಚಲ ಕಡೆ ಹೋದ. ಯಾಕೆ ಎಂದು ಕೇಳಿದ್ದರೆ ಒಳ್ಳೆಯದಿತ್ತು...

ನನ್ನ ಮದುವೆಯಾಯಿತು. ಧಾರೆಗೆ ಅವನು ಬರಲಿಲ್ಲ. ಕುದುರೆಗೆ ಹುಷಾರಿಲ್ಲ ಎಂದು ಹೇಳಿಕಳಿಸಿದ. ಗಂಡನ ಮನೆಗೆ ಬಂದು ತಿಂಗಳಾಗಿತ್ತೋ ಏನೋ, ಒಂದು ದಿನ ಅಕ್ಕಿ ಆರಿಸುತ್ತ ಅತ್ತೆ ಕೇಳಿದರು: "ನಿನ್ ತಮ್ಮ ಎಂತಕ್ಕೆ ಬರೂದಿಲ್ಲ? ಕಾಲಿಗೆ ನಾಚ್ಕಿಯಾ?"

"ಕಾಲಿನ ಸುದ್ದಿ ನಿಮ್ಗೆ ಯಾರು ಹೇಳಿದ್ದು?" ಎಂದೆ. ಅವರು ಮೊರ ಕೆಳಗಿಟ್ಟು ಹೇಳಿದರು: "ಪಂದ್ಯದ ದಿನವೇ ಅವನ್ನ ಕುದ್ರೆಯಿಂದ ಇಳಿಸಿದ್ದು ನಮ್ ಮನೆಯವ್ರೇ, ನಿನ್ ಗಂಡನ ಅಪ್ಪ. ಕಟ್ಟಿದ ಕಾಲು ಬಿಚ್ಚಿದ್ದೂ ಅವ್ರೇ. ಹಾಂಗಿದ್ದೂ ಗೆದ್ದವನ ಮನೆ ಹೆಣ್ಣು ಬೇಕು ಅಂತ ಹಟ ಮಾಡಿದ್ರು."

ಅದನ್ನು ತಮ್ಮನಿಗೆ ಹೇಳಬೇಕೆಂದು ತವರಿಗೆ ಹೋದಾಗಲೆಲ್ಲ ಅಂದುಕೊಂಡೆ. ಹೇಳಿದರೆ ಕೋಲಿನ ವಿಷಯವನ್ನೂ ಹೇಳಬೇಕು. ಪ್ರತಿ ಸಲವೂ ಇನ್ನೊಂದು ಸಲಕ್ಕೆ ಎಂದು ಬಿಟ್ಟೆ. ಅವನು ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಬಸ್ಸುಗಳು ಹೆಚ್ಚಾಗಿ ಸಾಹೇಬರು ಕುದುರೆಗಳನ್ನು ಮಾರಿದರು. ಅದರ ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅವನು ತೀರಿಕೊಂಡ. ಸುದ್ದಿ ತಿಳಿದು ನಾನು ಹೊಳೆ ದಾಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಲನ್ನೂ ಅವನ ಜೊತೆಯೇ ಇಟ್ಟರಂತೆ. ಕಾಲು ಕಟ್ಟಿಕೊಳ್ಳುತ್ತಿದ್ದ ಸೀರೆಯ ಪಟ್ಟಿ ಮಾತ್ರ ಮಡಿಕೆ ಹಾಕಿದ ಹಾಗೆಯೇ ಅವನ ಪೆಟ್ಟಿಗೆಯಲ್ಲಿತ್ತು. ಅಮ್ಮ ಅದನ್ನು ನನಗೆ ಕೊಡಲು ಬಂದಳು. ನಾನು ಕೈ ಚಾಚಲಿಲ್ಲ.

ಇಲ್ಲಿ ಅವನ ಹೆಸರು ಬರೆಯಲು ಎರಡು ಸಲ ಕೂತೆ. ಆಗಲಿಲ್ಲ. ಕೂಗಿದಾಗ ಅವನು ಅಲ್ಲಿರದ ಹಾಗೆ ಮಾಡಿದವಳು ನಾನು.

ಒಳಗೆ ಹುರುಳಿ ಬೆಂದಿರಬೇಕು. ಸೊಸೆ ಕರೆಯುತ್ತಿದ್ದಾಳೆ. ಮೊಣಕಾಲು ನೋವಿದ್ದರೂ ನಾನು ಮೊದಲ ಕರೆಗೇ ಎದ್ದುಬಿಡುತ್ತೇನೆ. ನಿಧಾನಕ್ಕೆ ಬನ್ನಿ ಅತ್ತೆ, ಎಂತಕ್ಕೆ ಗಡಿಬಿಡಿ ಎಂದು ಅವಳು ಬೈಯುತ್ತಾಳೆ. ಯಾರ ಹೆಸರನ್ನೇ ಆಗಲಿ, ಮೂರು ಸಲ ಕೂಗುವುದನ್ನು ನನ್ನಿಂದ ಕೇಳಲಾಗುವುದಿಲ್ಲ.