ಹೌಸ್, ಹೋಮ್ ಮತ್ತು ಮನೆಯವರು

ತಪ್ಪು ತಿದ್ದುವುದು ನನ್ನ ಚಟ. ಬ್ಯಾಂಕಿನಲ್ಲಿ ಹಿಡಿದದ್ದು, ಮನೆಯಲ್ಲೂ ಬಿಡದು. ಎರ್ನಾಕುಲಂನ ನಮ್ಮ ಫ್ಲ್ಯಾಟಿಗೆ ಭಾನುವಾರಗಳಂದು ಕೆಳಗಿನ ಮಹಡಿಯ ಅಕ್ಕ ಇಂಗ್ಲಿಷ್ ಮಾತು ಕಲಿಯಲು ಬರುತ್ತಿದ್ದರು. ಕಾಸರಗೋಡಿನವರು, ಅರವತ್ತು ದಾಟಿದವರು. ಅವರ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅದಕ್ಕೇ ಅಕ್ಕನಿಗೆ ಈ ಹಟ.

ಅಂದಿನ ಪಾಠ ಮನೆ ಮತ್ತು ಊರು. "ಬರೀ ಗೋಡೆ, ಸೂರು ಇದ್ರೆ ಹೌಸ್. ನಮ್ಮವರು ಇದ್ರೆ ಹೋಮ್" ಎಂದು ಗತ್ತಿನಿಂದಲೇ ಹೇಳಿಕೊಟ್ಟೆ. ಆಮೇಲೆ ಕೇಳಿದೆ: "ವೇರ್ ಈಸ್ ಯುವರ್ ಹೋಮ್?"

ಅಕ್ಕ ಗಡಿಯಾರ ನೋಡಿದರು. "ಮೈ ಹೋಮ್ ಈಸ್ ಇನ್ ಮೆಟ್ರೋ. ಕಮಿಂಗ್ ಫ್ರಮ್ ಆಲುವ."

ನನಗೆ ಸಿಟ್ಟೇ ಬಂತು. "ಮನೆ ಎಲ್ಲಾದ್ರೂ ಮೆಟ್ರೋ ಹತ್ತುತ್ತಾ ಅಕ್ಕಾ?"

"ನಮ್ಮನೆಯವರು ಮಾರಾಯ್ರೆ! ತಮ್ಮನನ್ನು ನೋಡ್ಲಿಕ್ಕೆ ಹೋಗಿದ್ದಾರೆ. ನಮ್ಮವರಿದ್ರೆ ಹೋಮ್ ಅಂತ ನೀವೇ ಹೇಳಿದ್ದಲ್ವಾ?"

'ಹಸ್ಬೆಂಡ್' ಎಂಬ ಪದ ನನ್ನ ನಾಲಗೆಯ ತುದಿಯಲ್ಲೇ ನಿಂತಿತು. ಗಂಡನನ್ನು ಜೀವಮಾನವಿಡೀ 'ನಮ್ಮನೆಯವರು' ಎಂದು ಕರೆದವರು ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು.

ಅಷ್ಟರಲ್ಲಿ ಬೆಲ್ ಆಯಿತು. ಅವರ ಯಜಮಾನರು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮನೆಯ ಬೀಗದ ಕೈ ಅಕ್ಕನ ಬಳಿ ಇತ್ತು. ಅಕ್ಕ ನೋಟ್‌ಬುಕ್ ಮಡಚಿ, ಮುಖ ಅರಳಿಸಿ ಹೇಳಿದರು: "ಮೈ ಹೋಮ್ ಈಸ್ ಕೇಮ್."

"ಹ್ಯಾಸ್ ಕಮ್, ಅಕ್ಕಾ" ಎಂದೆ. ಅಷ್ಟನ್ನೇ ತಿದ್ದಿದೆ.