ಹುಣಸೆಬೀಜದಲ್ಲಿ ಎಣಿಸಿದ ಲಾರಿಗಳು

ಯಾರ ಜೊತೆ ವ್ಯಾಪಾರ ಮಾಡಿದರೂ ತಕ್ಕಡಿ ನಿಮ್ಮದೇ ಇರಲಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಮಾತೂ ಹಾಗೆಯೇ. ಇನ್ನೊಬ್ಬರ ನಾಲಿಗೆ ಎರವಲು ತಂದು ವ್ಯವಹಾರಕ್ಕೆ ಕೂರಬೇಡಿ, ಅದು ಒಡಹುಟ್ಟಿದವನ ನಾಲಿಗೆಯಾದರೂ ಸರಿ. ನಾನು ಇದನ್ನು ಕಲಿತದ್ದು ದೊಡ್ಡ ಯುದ್ಧ ನಿಂತ ವರ್ಷ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಬದಿಗೆ ನನ್ನ ಮನೆ. ರಸ್ತೆಯಾಚೆ, ಮನೆಗೆ ಎದುರಾಗಿ, ನನ್ನ ಎರಡೆಕರೆ ಹೊಲ. ಗಂಡ ಹೋದ ಮೇಲೆ ಊರೂರಿನ ಹುಣಸೆಮರ ಗುತ್ತಿಗೆ ಹಿಡಿದು, ಹಣ್ಣು ಉದುರಿಸಿ, ಕುಟ್ಟಿ, ಬೀಜ ತೆಗೆದು, ಸಂತೆಗೆ ಹೊತ್ತು ಸಂಪಾದಿಸಿದ ಹೊಲ ಅದು. ಯುದ್ಧ ಜೋರಾಗಿದ್ದಾಗ ಮಿಲ್ಟ್ರಿಯವರು ಅದಕ್ಕೆ ಮುಳ್ಳುತಂತಿ ಬಿಗಿದು ಲಾರಿ ಕ್ಯಾಂಪು ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಬಿಟ್ಟುಕೊಡುತ್ತೇವೆ ಅಂತ ಮಾತಾಗಿತ್ತು. ಆ ಮಾತನ್ನು ಕನ್ನಡಕ್ಕೆ ತಿರುಗಿಸಿ ನನಗೆ ಹೇಳಿದವನು ನನ್ನ ತಮ್ಮ. ಮೈಸೂರಿನ ಸೈಕಲ್ ಶಾಪಿನಲ್ಲಿದ್ದು ಹಿಂದೂಸ್ತಾನಿ ಕಲಿತಿದ್ದ. ಕ್ಯಾಂಪಿನ ದೊರೆಗೆ ಅವನೇ ದುಭಾಷಿ.

ಜಪಾನಿನವರು ಸೋತರು, ಯುದ್ಧ ನಿಂತಿತು ಅನ್ನುವ ಸುದ್ದಿ ಬಂದಾಗ ರಾಗಿಗೆ ಹೊತ್ತು ಮೀರಿತ್ತು. ಆದರೆ ಒಂದೂವರೆ ತಿಂಗಳಿಗೆ ಬರುವ ಹಸ್ತೆ ಮಳೆಯೊಳಗೆ ಹೊಲ ಕೈಗೆ ಬಂದರೆ ಹುರುಳಿ ಚೆಲ್ಲಬಹುದಿತ್ತು. ಸಂತೆಯಲ್ಲಿ ಆರಿಸಿ ತಂದ ಬಿತ್ತನೆ ಹುರುಳಿಗೆ ಬೂದಿ ಬೆರೆಸಿ ಗುಡಾಣದಲ್ಲಿ ಇಟ್ಟೆ.

ಬರೀ ಕಾಯುತ್ತಾ ಕೂರುವ ಹೆಂಗಸಲ್ಲ ನಾನು. ಜಗಲಿಯಲ್ಲಿ ಹಣ್ಣು ಕುಟ್ಟುತ್ತಲೇ ಲಾರಿಗಳ ಲೆಕ್ಕ ಹಿಡಿದೆ. ಕ್ಯಾಂಪಿನ ಬಾಗಿಲಲ್ಲಿ ಒಂದು ಗುಂಡಿಯಿತ್ತು. ಖಾಲಿ ಲಾರಿ ಅದಕ್ಕೆ ಇಳಿದರೆ ಹಿಂದಿನ ಹಲಗೆ ದಡದಡ ಅನ್ನುತ್ತಿತ್ತು. ಸಾಮಾನು ತುಂಬಿದ್ದರೆ ಲಾರಿ ಹಲಗೆಯ ಸದ್ದಿಲ್ಲದೆ ಮೆಲ್ಲಗೆ ಗುಂಡಿ ಹತ್ತುತ್ತಿತ್ತು. ತುಂಬಿಕೊಂಡು ಒಳಹೋದ ಲಾರಿಗೆ ಒಂದು ಕರಿ ಬೀಜ. ತುಂಬಿಕೊಂಡು ಹೊರಬಂದದ್ದಕ್ಕೆ ಸಿಪ್ಪೆ ತೇಯ್ದ ಬಿಳಿ ಬೀಜ. ಬಣ್ಣಕ್ಕೊಂದು ಕುಡಿಕೆ. ಸಿಪಾಯಿಗಳು ಹಾಡಿಕೊಂಡು ಮೈಸೂರಿನ ಕಡೆ ಹೋಗುತ್ತಿದ್ದ ಲಾರಿಗಳನ್ನು ಮಾತ್ರ ನಾನು ಎಣಿಸಲಿಲ್ಲ. ಜನ ಯಾವಾಗ ಬೇಕಾದರೂ ಎದ್ದು ಹೋಗುತ್ತಾರೆ, ಸಾಮಾನು ಕೂತರೆ ಕೂತಂತೆಯೇ.

ಹದಿನೈದು ದಿನದಲ್ಲಿ ಡೇರೆಗಳು ಅರ್ಧಕ್ಕೆ ಇಳಿದವು. ಕರಿ ಬೀಜದ ಕುಡಿಕೆ ಮಾತ್ರ ತುಂಬುತ್ತಲೇ ಹೋಯಿತು. ಜನ ಹೊರಡುತ್ತಿದ್ದಾರೆ, ತಗಡು, ತೊಲೆ ಅಂತ ಸಾಮಾನು ಬರುತ್ತಿದೆ. ಮನೆ ಖಾಲಿ ಮಾಡುವವರು ಹೊಸದಾಗಿ ಬೀರು ತರಿಸುತ್ತಾರೆಯೇ? ತಮ್ಮನನ್ನು ಕೇಳಿದೆ.

"ಅದೆಲ್ಲ ವಾಪಸ್ ಓಗೋರ ದಾರಿಬುತ್ತಿ ಕಣಕ್ಕ."

"ತಗಡು ತಿಂತಾರೇನ್ಲಾ ದಾರೀಲಿ?"

ನಕ್ಕ. "ನೀನಿಂಗೆ ಮಿಲ್ಟ್ರಿ ಲಾರಿ ಎಣಿಸ್ತಾ ಕುಂತ್ರೆ ಜಪಾನಿನ ಗೂಢಚಾರಿ ಅಂತ ಇಡ್ಕೊಂಡೋಯ್ತಾರೆ ನೋಡು. ಸುಮ್ಕಿರು, ನಾನಿಲ್ವಾ?"

ಸುಮ್ಮನಿರಲಿಲ್ಲ. ದೊರೆಯ ಹತ್ತಿರ ಕರೆದುಕೊಂಡು ಹೋಗು ಅಂತ ಹಟ ಹಿಡಿದೆ. ಡೇರೆಯೊಳಗೆ ನಿಂತು, "ಹಸ್ತೆ ಮಳೆಗೆ ಮುಂಚೆ ನನ್ನ ಹೊಲ ನನಗೆ ಬೇಕು ಬುದ್ಧಿ" ಅಂದೆ. ತಮ್ಮ ಅದನ್ನು ಹಿಂದೂಸ್ತಾನಿಯಲ್ಲಿ ತುಂಬ ಹೊತ್ತು ಹೇಳಿದ. ಅದರಲ್ಲಿ ನನಗೆ ತಿಳಿದದ್ದು ಒಂದೇ ಮಾತು: ರಾಜಿಖುಷಿ. ನಮ್ಮ ಪತ್ರಗಳಲ್ಲೂ ಬರೆಯುವ ಮಾತೇ ಅದು, ಯಾರ ಬಲವಂತವೂ ಇಲ್ಲದೆ ಮನಸಾರೆ ಒಪ್ಪಿದೆ ಅಂತ. ದೊರೆ ಎದ್ದು ನಿಂತು ನನ್ನ ಕೈ ಕುಲುಕಿದ, ಡಬ್ಬಿ ಹಾಲಿನ ಟೀ ತರಿಸಿಕೊಟ್ಟ. ಹೊಲ ಬಿಡಲು ದೊರೆ ರಾಜಿಖುಷಿಯಿಂದ ಒಪ್ಪಿದ ಅಂದುಕೊಂಡು ಮನೆಗೆ ಬಂದು, ಎರಡು ಕುಡಿಕೆಯ ಬೀಜವನ್ನೂ ತಿಪ್ಪೆಗೆ ಸುರಿದೆ. ನನ್ನ ಕಣ್ಣು, ಕಿವಿ ಇಷ್ಟು ದಿನ ಹೇಳಿದ್ದನ್ನೆಲ್ಲ ಆ ಒಂದು ಮಾತಿಗೆ ಬಿಟ್ಟುಬಿಟ್ಟೆ.

ಉತ್ತರೆ ಮಳೆ ಕಳೆದು ಹಸ್ತೆ ಹುಟ್ಟಿತು. ಹೊಲದಲ್ಲಿ ಎದ್ದದ್ದು ತಗಡಿನ ಶೆಡ್ಡು.

ಕ್ಯಾಂಪಿನ ಅಡುಗೆಯ ಸಾಬರು ಹುಣಸೂರಿನವರು. ಹುಣಸೆಹಣ್ಣಿಗೆ ನನ್ನ ಜಗಲಿಗೇ ಬರುತ್ತಿದ್ದರು. ಅವತ್ತು ಡೇರೆಯ ಬಾಗಿಲಲ್ಲಿ ನಿಂತಿದ್ದು ಟೀ ತಂದವರೂ ಅವರೇ. ಹಣ್ಣು ತೂಗುತ್ತಾ ಕೇಳಿದೆ:

"ಶೆಡ್ಡು ಯಾಕೆ ಸಾಬ್ರೇ? ಒಲ ಬುಟ್ಟೋಯ್ತೀವಿ ಅಂದ್ರಲ್ಲ ದೊರೆ?"

"ತಮಾಸೆ ಮಾಡ್ತೀರಾ ಅಕ್ಕ? 'ಇನ್ನೆರಡು ವರ್ಸ ಇಟ್ಕೊಳ್ಳಿ, ನಮ್ಮಕ್ಕ ರಾಜಿಖುಷಿಯಿಂದ ಕೊಡ್ತಾಳೆ' ಅಂತ ನಿಮ್ಮ ತಮ್ಮ ಹೇಳ್ಲಿಲ್ವಾ, ನೀವು ಪಕ್ಕದಲ್ಲೇ ನಿಂತಿದ್ರಿ! ಅದಕ್ಕೇ ಅಲ್ವಾ ಇಲ್ಲಿ ಸಾಮಾನು ಇಡೋ ಹೊಸ ಡಿಪೋಗೆ ಅವನ್ನೇ ಗುಮಾಸ್ತ ಮಾಡಿದ್ದು?"

ತಕ್ಕಡಿ ನನ್ನ ಕೈಯಲ್ಲೇ ಇತ್ತು. ಅವತ್ತು ಎಷ್ಟು ತೂಗಿದೆನೋ ನೆನಪಿಲ್ಲ.

ಸಾಬರನ್ನೇ ಕರೆದುಕೊಂಡು ಮತ್ತೆ ದೊರೆಯ ಮುಂದೆ ನಿಂತೆ. ಈ ಸಲ ನನ್ನ ಮಾತು ನನ್ನ ಮಾತಾಗಿಯೇ ಹೋಯಿತು. ದೊರೆಯ ಮುಖ ಕೆಂಪಗಾಯಿತು. ಕಾಗದ ಬೆಂಗಳೂರಿಗೆ ಹೋಗಿ ಮಂಜೂರಾಗಿ ಬಂದಿದೆ, ತಾನೂ ನಾಳಿದ್ದು ಹೊರಟೆ, ಏನೂ ಮಾಡಲಾಗದು ಅಂದ. ಕೈ ಚಾಚಿದ. ನಾನು ಕೈ ಕೊಡಲಿಲ್ಲ. ಆ ಕೆಲಸವನ್ನು ನಮ್ಮ ಮನೆಯವನೊಬ್ಬ ಆಗಲೇ ಮಾಡಿ ಮುಗಿಸಿದ್ದ.

ಮನೆಗೆ ಬಂದು ಗುಡಾಣ ಇಳಿಸಿದೆ. ಹುರುಳಿಯ ಬೂದಿ ತೊಳೆದು ಸಾರಿಗೆ ಬೇಯಲು ಇಟ್ಟೆ. ಮಧ್ಯಾಹ್ನ ತಮ್ಮ ಎಂದಿನ ಹಾಗೆ ಊಟಕ್ಕೆ ಬಂದ, ಮುದ್ದೆ ಮುರಿದು ಸಾರಿಗೆ ಅದ್ದಿದ.

"ಬಾಳ ಚೆನ್ನಾಗೈತೆ ಕಣಕ್ಕ. ಒಸಾ ಉಳ್ಳೀನಾ?"

"ಬಿತ್ತನೇದು."

ಬಾಯಿಗೆ ಹೋಗುತ್ತಿದ್ದ ಕೈ ನಿಂತಿತು. ತುತ್ತನ್ನು ತಟ್ಟೆಗೇ ಇಟ್ಟು ಅಂದ: "ನಾನೂ ಬದುಕ್ಬೇಕಲ್ಲಕ್ಕ. ಕ್ಯಾಂಪು ಎತ್ಬುಟ್ರೆ ನನ್ನ ಯಾರು ಕೇಳ್ತಾರೆ? ನಿಂಗೇನು, ಬಂಡೆ ಮ್ಯಾಲೆ ಕೂರ್ಸಿದ್ರೂ ಯಾಪಾರ ಮಾಡ್ಕತೀಯ."

"ನನ್ನೇ ಕೇಳಿದ್ರೆ ಚೌಕಾಸಿ ಮಾಡ್ತಿದ್ದೆ ಕಣ್ಲಾ. ಒಂದೆಕ್ರೆ ಬುಡ್ತಿದ್ನೋ ಏನೋ."

ಅವನು ಇಟ್ಟ ತುತ್ತನ್ನು ಮತ್ತೆ ಎತ್ತಿಕೊಂಡ. ತಟ್ಟೆಯಲ್ಲಿ ಒಂದು ಕಾಳೂ ಉಳಿಸಲಿಲ್ಲ. ಎದುರಿಗೆ ಲಾರಿಯೊಂದು ಹಲಗೆ ಸದ್ದು ಮಾಡದೆ ಗುಂಡಿ ಹತ್ತಿತು. ಕೈ ತೊಳೆದವನೇ ಸಾಮಾನು ಇಳಿಸಿಕೊಳ್ಳಲು ಓಡಿದ.