ಗೌರತ್ತಿಯ ಕೂಡು-ಕಳೆ

ಸವಣೂರು ಖಾರದ ಪೊಟ್ಟಣ ಬಿಚ್ಚಿದರೆ ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ಗೌರತ್ತಿ ನೆನಪಾಗುತ್ತಾಳೆ. ಮೊನ್ನೆ ಎರಡೂ ಒಟ್ಟಿಗೇ ಬಂದವು. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಆ ಕುರುಕಲು ಖಾರ ಮೆಲ್ಲುತ್ತಿದ್ದೆ. ಇಲ್ಲಿಯೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಗಳು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ಪಾಠ ತಯಾರಿಸುತ್ತಿದ್ದಳು.

“ಅವ್ವಾ, ಇಲ್ನೋಡು. ರಾಜನ್ನ ತಗೋ, ಗಂಡಸನ್ನ ಕಳಿ, ಹೆಂಗಸನ್ನ ಕೂಡಸು. ರಾಣಿ ಬಂದ್ಳು!”

ಮಾತಿನ ಮೇಲೂ ಲೆಕ್ಕವೇ? ಅವಳು ಬಿಡಿಸಿ ಹೇಳಿದಳು. ಯಂತ್ರ ರಾಶಿಗಟ್ಟಲೆ ಬರಹ ಓದಿ, ಯಾವ ಪದದ ಅಕ್ಕಪಕ್ಕ ಯಾವ ಪದಗಳು ಬಂದು ಕೂರುತ್ತವೆಂದು ನೋಡುತ್ತದಂತೆ. ಆ ನೆರೆಹೊರೆಯ ಮೇಲಿಂದ ಒಂದೊಂದು ಪದಕ್ಕೂ ಒಂದು ಸಾಲು ಅಂಕಿ ಕೊಡುತ್ತದೆ. ಅಂಕಿಯಾದ ಮೇಲೆ ಕೂಡುವುದಕ್ಕೆ, ಕಳೆಯುವುದಕ್ಕೆ ಏನಡ್ಡಿ? ಬಂದ ಉತ್ತರಕ್ಕೆ ಯಾವ ಪದ ಹತ್ತಿರವೋ ಅದನ್ನು ಹೇಳಿಬಿಡುತ್ತದೆ. ನನಗೆ ನಗು ತಡೆಯಲಿಲ್ಲ. ನನ್ನನ್ನು ಮದುವೆ ಮಾಡಿಕೊಟ್ಟದ್ದೇ ಈ ಲೆಕ್ಕದ ಮೇಲೆ ನೋಡಿ!

ಗೌರತ್ತಿ ನಮ್ಮಪ್ಪನ ಅಕ್ಕ, ಸವಣೂರಿನವಳು. ನೆಂಟರಲ್ಲಿ ಯಾರ ಮದುವೆಯ ಮಾತು ಬಂದರೂ ಅವಳೇ ಮುಂದು. ಫೋಟೋ ಎಂದರೆ ಆಗದು. “ಫೋಟೋದಾಗ ಎಲ್ಲಾರೂ ಶಾಣ್ಯಾರ ಕಾಣ್ತಾರ” ಎನ್ನುವಳು. ಬದಲಿಗೆ, “ನಿಮ್ಮ ಕಾಕಾನ್ನ ತಗೋ, ಹೊಟ್ಟಿ ಕಳಿ, ಮೀಸಿ ಕೂಡಸು” ಎಂದರೆ ಹುಡುಗಿಯ ಕಣ್ಣಿಗೆ ವರ ಕಟ್ಟಿಬಿಡಬೇಕು. ಒಮ್ಮೆ ಹೀಗೆ ಕಳೆಯುತ್ತ ಕಳೆಯುತ್ತ ಒಬ್ಬ ವರನಲ್ಲಿ ಬರೀ ಮೀಸೆ ಉಳಿದಿತ್ತು.

ನನಗಿದ್ದ ಹೆದರಿಕೆ ಒಂದೇ, ಸಿಟ್ಟಿನ ಗಂಡ. ನಮ್ಮಪ್ಪನ ಚಹಾ ಆರಿತ್ತೆಂದರೆ ಕಪ್ಪು ಅಂಗಳಕ್ಕೆ ಹಾರುತ್ತಿತ್ತು. ಆಮೇಲಿನ ಮೌನ ಇನ್ನೂ ಕೆಟ್ಟದ್ದು. ದಿನಗಟ್ಟಲೆ ಅವ್ವನ ಮುಖ ನೋಡುತ್ತಿರಲಿಲ್ಲ. ಅಂಥ ಮನೆ ಬೇಡವೆಂದು ಗೌರತ್ತಿಯ ಮುಂದೆ ಅತ್ತಿದ್ದೆ.

“ಅಳಬ್ಯಾಡ. ತಿಳವಳ್ಳಿಯೊಳಗ ಒಬ್ಬಾಂವ ಅದಾನ. ನಿಮ್ಮಪ್ಪನ್ನ ತಗೋ, ಸಿಟ್ಟು ಕಳಿ, ಹಾಡು ಕೂಡಸು. ಅಂವನಽ.”

ಸುಮ್ಮನೆ ಹೇಳಿದ್ದಲ್ಲ. ನಮ್ಮ ಕಡೆ ವರನ ಓಣಿಯಲ್ಲಿ ವಿಚಾರಿಸದೆ ಮಾತು ಮುಂದುವರಿಸುವುದಿಲ್ಲ. ಅತ್ತಿ ಬಸ್ಸು ಹತ್ತಿ ತಿಳವಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತವರಿಂದ ಹಿಡಿದು ಹಾಲು ಹಾಕುವವಳವರೆಗೆ ಕೇಳಿಬಂದಳು. ಎಲ್ಲರದೂ ಒಂದೇ ಮಾತು. “ಸಿಟ್ಟೇನ್ರಿ? ಏರು ದನಿಲೆ ಮಾತಾಡಿದ್ದು ನಾವು ಕೇಳಿಲ್ರಿ. ಭಜನಿಯೊಳಗ ಹಾಡಿದ್ದಷ್ಟ ಕೇಳೇವಿ.”

ಮದುವೆಯಾದ ಮೊದಲ ವಾರವೇ ಸಾರಿಗೆ ಉಪ್ಪು ಹೆಚ್ಚಾಗಿ ತಾಟು ಅಂಗಳಕ್ಕೆ ಹಾರಿತು. ಆಮೇಲೆ ತಿಳಿಯಿತು: ಈ ಮಹಾರಾಯರು ಅಷ್ಟು ವರ್ಷ ಯಲವಿಗಿಯಲ್ಲಿ ಕೋಣೆ ಹಿಡಿದು ನೌಕರಿ ಮಾಡಿದವರು. ತಿಳವಳ್ಳಿಗೆ ಬರುತ್ತಿದ್ದದ್ದು ಹಬ್ಬಕ್ಕೆ, ಭಜನೆಗೆ. ಓಣಿಯವರಿಗೆ ಏರುದನಿ ಎಲ್ಲಿಂದ ಕೇಳಬೇಕು! ಸವಣೂರಿಗೆ ಓಡಿ ಅತ್ತಿಯ ಮೇಲೆ ಹರಿಹಾಯ್ದೆ.

“ನಿನ್ನ ಲೆಕ್ಕ ತಪ್ಪೇತಿ ಅತ್ತಿ. ತಿರುಗಿ ನಮ್ಮಪ್ಪನಽ ಬಂದಾನ!”

ಅವಳು ನಿರುಮ್ಮಳವಾಗಿ ಎಲೆ ಮೆಲ್ಲುತ್ತ, “ಕಳದಿದ್ದು ತಪ್ಪಿರಬೇಕವಾ. ಕೂಡಿಸಿದ್ದು ನೋಡಿದಿಯೇನು?” ಎಂದಳು. ಮೈಯೆಲ್ಲ ಉರಿಯುತ್ತಿದ್ದಾಗ ಅದು ನನ್ನ ತಲೆಗೆ ಹೋಗಲಿಲ್ಲ.

ಕತೆ ಕೇಳಿ ಮಗಳು ಬಿದ್ದು ಬಿದ್ದು ನಕ್ಕಳು. “ನಮ್ಮ ಯಂತ್ರಾನೂ ಹಂಗಽ ಅವ್ವಾ. ಅಪರೂಪಕ್ಕ ಕಾಣೂ ಪದಾನ ತಪ್ಪು ತಿಳಕೋತೈತಿ. ಮತ್ತ ರಾಜನ್ನ ಹಾಕಿದ್ರ ಎಷ್ಟೋ ಸಲ ತಿರುಗಿ ರಾಜನಽ ಬರ್ತಾನ. ಅದಕ್ಕ, ಕೇಳಿದ ಪದಾನಽ ಉತ್ತರಾ ಅಂತ ಕೊಡಬ್ಯಾಡ ಅಂತ ಮೊದಲಽ ಹೇಳಿಟ್ಟಿರ್ತೇವಿ.”

ಪಾಪ, ಗೌರತ್ತಿಗೆ ಈ ಉಪಾಯ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಗಂಡನ ಗರ್ಜನೆ. “ನನ್ನ ಖಾರಾ ಯಾರು ಖಾಲಿ ಮಾಡಿದ್ರಿ?” ಡಬ್ಬಿಯ ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು.

“ನೋಡು, ನಿಮ್ಮಜ್ಜ ಬಂದ” ಎಂದೆ.

ಆಮೇಲೆ ಚಹಾಕ್ಕೆ ನೀರಿಟ್ಟ ಸಪ್ಪಳ, ಅದರ ಹಿಂದೆಯೇ ಮೆಲ್ಲಗೆ ಒಂದು ಭಜನೆಯ ಧಾಟಿ. ತಪ್ಪಾಯಿತೆಂದು ಇವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಪ್ರತಿ ಸಿಟ್ಟಿನ ಹಿಂದೆ ಈ ಹಾಡು ಬಂದಿದೆ. ಕೂಗಾಡಿದವರಿಗೆ ಹಾಡು ಬೇರೆ ಕೇಡು ಎಂದು ಇಷ್ಟು ವರ್ಷ ಗೊಣಗಿಕೊಂಡೇ ಬಂದೆ. ನಮ್ಮಪ್ಪ ಒಮ್ಮೆಯಾದರೂ ಹೀಗೆ ಹಾಡಿದ್ದರೆ ಅವ್ವ ಅಷ್ಟು ಅಳುತ್ತಿರಲಿಲ್ಲ. ಅತ್ತಿ ಕೂಡಿಸಿದ್ದು ಇದನ್ನೇ.

“ಅಪ್ಪನ ಲೆಕ್ಕಾ ಇದರಾಗ ಹಾಕಿ ನೋಡ್ಲೇನು?” ಮಗಳು ಕೇಳಿದಳು.

“ಬ್ಯಾಡವಾ, ಉತ್ತರಾ ಬಂತು.”

ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ ಇನ್ನೊಂದು ಖಾರದ ಪೊಟ್ಟಣ ಅವರ ಮುಂದಿಟ್ಟೆ. ಅವರು ಪೊಟ್ಟಣವನ್ನೂ ನನ್ನನ್ನೂ ನೋಡಿ ಹಾಡು ನಿಲ್ಲಿಸಿದರು.

“ಯಾಕ ನಿಲ್ಲಿಸಿದ್ರಿ?” ಎಂದೆ. “ಮುಂದಿನ ನುಡಿ ಹಾಡ್ರಿ.”